ರುಕ್ಕತ್ತೆ ತೊಳೆದ ಮಾತ್ರೆ

ನಮ್ಮ ರುಕ್ಕತ್ತೆ ಸೌದೆಯನ್ನೂ ತೊಳೆದು ಒಲೆಗೆ ಹಾಕುತ್ತಿದ್ದಳು. ಇದನ್ನು ಹೇಳಿದಾಗಲೆಲ್ಲ ನನ್ನ ಮೊಮ್ಮಗಳು ನಗುತ್ತಾಳೆ, ಅಜ್ಜಿ ಕಥೆ ಕಟ್ಟುತ್ತಿದ್ದಾಳೆ ಅಂದುಕೊಳ್ಳುತ್ತಾಳೆ. ಕಥೆಯಲ್ಲ. ಐವತ್ತರ ದಶಕದ ರಾಜಾಜಿನಗರದಲ್ಲಿ, ಇನ್ನೂ ಅರ್ಧಕ್ಕರ್ಧ ಸೈಟುಗಳು ಖಾಲಿ ಬಿದ್ದಿದ್ದ ನಮ್ಮ ಬೀದಿಯಲ್ಲಿ, ಗಾಡಿಯವನು ಹಿತ್ತಲಿಗೆ ಹಾಕಿಹೋದ ಸರ್ವೆ ಸೌದೆಯ ಮೇಲೆ ಅತ್ತೆ ಕೊಡಗಟ್ಟಲೆ ನೀರು ಸುರಿದು, ಒಂದೊಂದನ್ನೇ ಬಿಸಿಲಿಗೆ ಒರಗಿಸಿಟ್ಟು, ಒಣಗಿದ ಮೇಲೆ ಒಳಗೆ ತರುತ್ತಿದ್ದಳು. ಮಳೆಗಾಲದಲ್ಲಿ ಅವು ಒಣಗಬೇಕಲ್ಲ? ಅಡಿಗೆಮನೆ ತುಂಬ ಹೊಗೆ, ಅಮ್ಮನ ಕಣ್ಣು ಕೆಂಪು. ಗಂಡನ ಅಕ್ಕನಿಗೆ ಏನು ತಾನೆ ಅನ್ನಲಾದೀತು, ಅಮ್ಮ ಊದುಕೊಳವೆ ಹಿಡಿದು ಸುಮ್ಮನೆ ಊದುತ್ತಿದ್ದಳು.

ಸೌದೆಯೊಂದೇ ಆಗಿದ್ದರೆ ಸರಿ. ಅಂಗಡಿಯಿಂದ ಬಂದ ಚಿಲ್ಲರೆ ಕಾಸಿಗೂ ಸ್ನಾನವಾಗಬೇಕು. ಬೆಲ್ಲದ ಅಚ್ಚಿಗೆ ಒಂದು ಕೈ ನೀರು ಚಿಮುಕಿಸಬೇಕು. ಅಂಚೆಯವನು ತಂದ ಕಾಗದವನ್ನು ಹೊಸಿಲ ಮೇಲೆ ಇಡಿಸಿ, ಅದರ ಮೇಲೂ ನಾಲ್ಕು ಹನಿ ಬಿಟ್ಟೇ ಎತ್ತಿಕೊಳ್ಳುತ್ತಿದ್ದಳು. ಶಾಯಿ ಹರಡಿ, ತುಮಕೂರಿನ ಚಿಕ್ಕಪ್ಪನಿಗೆ ಹುಟ್ಟಿದ್ದು ಗಂಡೋ ಹೆಣ್ಣೋ ಗೊತ್ತಾಗದೆ ಅಪ್ಪ ಒಮ್ಮೆ ಇನ್ನೊಂದು ಕಾಗದ ಬರೆದು ಕೇಳಬೇಕಾಯಿತು. ಯಾರಾದರೂ ತಮಾಷೆ ಮಾಡಿದರೆ ಅತ್ತೆಯದು ಒಂದೇ ಉತ್ತರ: "ಒಂದು ನೀರು ಹಾಕಿದ್ರೆ ಆಯ್ತು, ನಿಮ್ಮ ಗಂಟೇನು ಹೋಯ್ತು?"

ಎತ್ತರದ, ಕೋಲು ಮುಖದ ಹೆಂಗಸು. ಹಣೆಯಲ್ಲಿ ಕಾಸಗಲ ಕುಂಕುಮ. ಆ ಕುಂಕುಮಕ್ಕೆ ಕಾರಣರಾದ ಮಾವ ಮದುವೆಯಾದ ಸ್ವಲ್ಪ ದಿನಕ್ಕೇ ಬೊಂಬಾಯಿಗೆ ಕೆಲಸಕ್ಕೆಂದು ಹೋಗಿ, ಅಲ್ಲಿ ಇನ್ನೊಂದು ಸಂಸಾರ ಹೂಡಿದ್ದರು. ಅತ್ತೆ ಅತ್ತ ವಿಧವೆಯೂ ಅಲ್ಲ, ಇತ್ತ ಗಂಡನ ಮನೆಯವಳೂ ಅಲ್ಲ. ತಮ್ಮನ ಮನೆಗೆ ಬಂದು ನಿಂತವಳು. ಹಬ್ಬ, ನಾಮಕರಣಗಳಿಗೆ ಕರೆದರೂ ಎಲ್ಲಿ ಕೂರಿಸುವುದು ಅಂತ ಜನಕ್ಕೆ ತಿಳಿಯುತ್ತಿರಲಿಲ್ಲ. ಅವಳ ಮಾತು ನಡೆಯುತ್ತಿದ್ದುದು ಮಡಿಯ ವಿಷಯದಲ್ಲಿ ಮಾತ್ರ. ಅಲ್ಲಿ ಅಪ್ಪನೂ ಕೈಕಟ್ಟಿ ನಿಲ್ಲಬೇಕು. ಬೀದಿ ನಲ್ಲಿಯಲ್ಲಿ ನೀರು ಬಂದಾಗ ಹೆಂಗಸರು "ಮಡಿಯಮ್ಮ ಬಂದ್ರು, ದಾರಿ ಬಿಡ್ರೇ" ಎಂದು ನಗುತ್ತಾ ಸರಿದುಕೊಳ್ಳುತ್ತಿದ್ದರು. ಅತ್ತೆ ಆ ನಗುವನ್ನೂ ಗೌರವವೆಂದೇ ಜಮಾ ಮಾಡಿಕೊಂಡು ಕೊಡ ತುಂಬಿಸಿ ಬರುತ್ತಿದ್ದಳು.

ಇಷ್ಟೆಲ್ಲ ಮಡಿಯ ಹೆಂಗಸು ನನ್ನ ವಿಷಯದಲ್ಲಿ ಮಾತ್ರ ಮಡಿಯನ್ನು ಗಾಳಿಗೆ ತೂರುತ್ತಿದ್ದಳು. ನನಗೆ ಚಿಕ್ಕಂದಿನಿಂದ ಮೂರ್ಛೆ ಬರುತ್ತಿತ್ತು. ನಿಂತಲ್ಲೇ ಬಿದ್ದು, ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದು, ಎಷ್ಟೋ ಸಲ ಲಂಗ ಒದ್ದೆಯಾಗಿ ಏಳುತ್ತಿದ್ದೆ. ಒಂದು ಯುಗಾದಿಯ ದಿನ ಅತ್ತೆ ಒದ್ದೆ ಸೀರೆಯಲ್ಲಿ ಹೋಳಿಗೆ ತಟ್ಟುತ್ತಿದ್ದಾಗ ನಾನು ಹಿತ್ತಲ ಬಚ್ಚಲ ಹತ್ತಿರ ಬಿದ್ದೆನಂತೆ. ಅಮ್ಮ ಓಡಿ ಬರುವಷ್ಟರಲ್ಲಿ ಅತ್ತೆ ಹೂರಣದ ಕೈಯಲ್ಲೇ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೊಚ್ಚೆಯಲ್ಲಿ ಕೂತಿದ್ದಳಂತೆ. ನನಗೆ ಎಚ್ಚರವಾದಾಗ ಮೊದಲು ಕಂಡದ್ದು ಅವಳ ಕುಂಕುಮ. "ಏನೂ ಆಗಿಲ್ಲ ಕಣೇ ಪುಟ್ಟಿ, ಕಾಲು ಜಾರ್ತು," ಎಂದಳು. ಮತ್ತೆ ತಣ್ಣೀರು ಸ್ನಾನ ಮಾಡಿ, ಹೊಸದಾಗಿ ಕಣಕ ಕಲಸಿ, ಮಧ್ಯಾಹ್ನ ಹೊತ್ತು ಇಳಿದ ಮೇಲೆ ನೈವೇದ್ಯ ಮಾಡಿದಳು. ಒಂದು ಗೊಣಗು ಇಲ್ಲ.

ನನ್ನ ಕಾಯಿಲೆ ಬೀದಿಗೆ ತಿಳಿಯದ ಹಾಗೆ ಕಾಯ್ದವಳೂ ಅವಳೇ. ಕೇಳಿದವರಿಗೆ "ಹುಡುಗಿಗೆ ಪಿತ್ತ" ಅನ್ನುತ್ತಿದ್ದಳು. ಹೆಣ್ಣು ಹುಡುಗಿ, ನಾಳೆ ಒಬ್ಬರ ಮನೆ ಸೇರಬೇಕು, ಮೂರ್ಛೆ ಅಂತ ಹೆಸರು ಬಿದ್ದರೆ ಯಾರು ಬರುತ್ತಾರೆ? ತನ್ನ ಬಾಳು ಹೋದಂತೆ ನನ್ನ ಬಾಳೂ ಹೋದೀತೆಂಬ ಹೆದರಿಕೆ ಅವಳಿಗೆ ಒಳಗೊಳಗೇ ಇತ್ತು ಅಂತ ಈಗ ಅನ್ನಿಸುತ್ತದೆ.

ನಮ್ಮ ಬಡಾವಣೆಗೆ ಒಬ್ಬ ಡಾಕ್ಟರು ಬಂದು ಮುಖ್ಯರಸ್ತೆಯಲ್ಲಿ ಶಾಪು ಇಟ್ಟ ಮೇಲೆ ನನಗೆ ಸರಿಯಾದ ಔಷಧಿ ಸಿಕ್ಕಿತು. ಆಗ ಡಾಕ್ಟರುಗಳು ಕೂರುವ ಜಾಗವನ್ನೂ ಶಾಪು ಅಂತಲೇ ಕರೆಯುತ್ತಿದ್ದೆವು. ಅವರು ಬರೆದುಕೊಟ್ಟದ್ದು ಹಡಗಿನಲ್ಲಿ ಸೀಮೆಯಿಂದ ಬರುತ್ತಿದ್ದ ಮಾತ್ರೆ. ಅಪ್ಪ ಅದನ್ನು ಪೇಟೆಯ ದೊಡ್ಡ ಔಷಧಿ ಅಂಗಡಿಯಿಂದ ತರುತ್ತಿದ್ದರು. ಅದರ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲವಾದ್ದರಿಂದ ಮನೆಯಲ್ಲಿ ಅದಕ್ಕೆ ನೀಲಿ ಶೀಶೆ ಎಂದೇ ಹೆಸರು. ದಪ್ಪ ಗಾಜು, ನೀಲಿ ಚೀಟಿ, ಬಾಯಿಗೆ ಅರಗಿನ ಮುದ್ರೆ, ಒಳಗೆ ಹತ್ತಿ. ನುಂಗಲು ಶುರು ಮಾಡಿದ ಮೇಲೆ ಮೂರ್ಛೆ ನಿಂತಿತು. ಅತ್ತೆ ಆ ಶೀಶೆಯನ್ನು ದೇವರ ಗೂಡಿನಲ್ಲಿ ಸಾಲಿಗ್ರಾಮದ ಪಕ್ಕ ಇಟ್ಟಳು. ಸೀಮೆಯದು ಮೈಲಿಗೆಯಲ್ಲವೇ ಅಂತ ಅಪ್ಪ ಕೆಣಕಿದರೆ ಅವಳ ಬಳಿ ಉತ್ತರ ಸಿದ್ಧವಿತ್ತು. ಅದು ಯಂತ್ರದಲ್ಲಿ ಹುಟ್ಟಿ, ಯಂತ್ರವೇ ಶೀಶೆಗೆ ತುಂಬಿ, ಮುದ್ರೆ ಹಾಕಿ ಕಳಿಸಿದ್ದು. ಯಾರ ಕೈಯೂ ಸೋಕಿಲ್ಲ. ಮುದ್ರೆ ಒಡೆಯುವವಳು ತಾನೇ.

ಹೀಗೆ ವರ್ಷಕ್ಕೂ ಮೇಲೆ ನಡೆಯಿತು. ಆಮೇಲೆ ನೀಲಿ ಶೀಶೆ ಅಂಗಡಿಗಳಲ್ಲಿ ಸಿಗುವುದು ಅಪರೂಪವಾಯಿತು, ಸಿಕ್ಕರೂ ಕಾರ್ಖಾನೆಯ ಗುಮಾಸ್ತರಾಗಿದ್ದ ಅಪ್ಪನ ಕೈಗೆ ನಿಲುಕದ ಹಾಗಾಯಿತು. ಡಾಕ್ಟರು ಧೈರ್ಯ ಹೇಳಿದರು. ಅದೇ ಔಷಧಿ, ನಮ್ಮ ದೇಶದಲ್ಲೇ ಮಾಡಿದ್ದು, ದೊಡ್ಡ ತಗಡಿನ ಡಬ್ಬದಲ್ಲಿ ಬರುತ್ತದೆ, ಶಾಪಿನಲ್ಲೇ ಎಣಿಸಿ ಕೊಡುತ್ತೇವೆ ಎಂದರು. "ಒಳಗಿರೋದು ಅದೇ ಕಣ್ರಿ, ಮೇಲೆ ನೀಲಿ ಚೀಟಿ ಇಲ್ಲ ಅಷ್ಟೆ. ಮಗು ಚೀಟಿ ನುಂಗುತ್ತಾ?" ಅಂದರು. ಅಪ್ಪ ನಕ್ಕು ಒಪ್ಪಿಕೊಂಡರು. ಅತ್ತೆ ನಗಲಿಲ್ಲ. ಹೆಸರಿಲ್ಲದ ಮಾತ್ರೆಯನ್ನು ನಂಬುವುದು ಹೇಗೆ ಎಂದು ದಾರಿಯುದ್ದಕ್ಕೂ ಕೇಳಿದಳು. ಮನೆಗೆ ಬಂದ ಮೇಲೆ ಅವಳ ನಿಜವಾದ ಸಂಕಟ ಹೊರಬಿತ್ತು: "ಡಬ್ಬದಿಂದ ಎಣಿಸೋನು ಯಾರು? ಆ ಮುನಿಸ್ವಾಮಿ ತಾನೆ?"

ಮುನಿಸ್ವಾಮಿ ಆ ಶಾಪಿನ ಕಾಂಪೌಂಡರು. ಮಾರೇನಹಳ್ಳಿಯಿಂದ ಹೊಲಗಳ ನಡುವೆ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಮಾರೇನಹಳ್ಳಿ ಅಂದರೆ ಊರೊಳಗಿನವರಲ್ಲ, ಊರಾಚೆಯ ಕೇರಿಯವರು. ಯುದ್ಧಕಾಲದಲ್ಲಿ ಪಟಾಲಮ್ಮಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಂದಿದ್ದರು. ಮೇಣ ಹಚ್ಚಿ ತಿರುವಿದ ಮೀಸೆ, ಇಸ್ತ್ರಿ ಮಾಡಿದ ಖಾಕಿ ಷರಾಯಿ. ಬೆಂಚಿನ ಮೇಲೆ ಕೂತ ರೋಗಿಗಳನ್ನು ಸಿಪಾಯಿಗಳ ಹಾಗೆ ಹೆಸರು ಹಿಡಿದು ಕೂಗಿ ಎಬ್ಬಿಸುತ್ತಿದ್ದರು. ಮಕ್ಕಳಿಗೆಲ್ಲ ಒಂದೊಂದು ಹುದ್ದೆ ಕೊಟ್ಟಿದ್ದರು, ನನ್ನದು ಕ್ಯಾಪ್ಟನ್. "ಬನ್ನಿ ಕ್ಯಾಪ್ಟನ್ನಮ್ಮ" ಅಂತ ಕರೆದರೆ ನನಗೆ ಹೆಮ್ಮೆಯೋ ಹೆಮ್ಮೆ. ಔಷಧಿ ಕೊಡುವ ಜಾಗಕ್ಕೆ ಹಲಗೆಯ ಅಡ್ಡಗೋಡೆ, ಅದರಲ್ಲಿ ಒಂದು ಕಿಂಡಿ. ಆಚೆಯಿಂದ ಮಾತ್ರೆ ಎಣಿಸುವ ಟಿಕ್ ಟಿಕ್ ಸದ್ದು ಕೇಳುತ್ತಿತ್ತೇ ಹೊರತು ಎಣಿಸುವುದು ಕಾಣುತ್ತಿರಲಿಲ್ಲ. ಆಮೇಲೆ ಪೊಟ್ಟಣ ಕಿಂಡಿಯ ಹಲಗೆಯ ಮೇಲೆ ಬಂದು ಕೂರುತ್ತಿತ್ತು. ಅವರು ಕೈ ಹಿಂದೆ ತೆಗೆದುಕೊಂಡ ಮೇಲೆ ಅತ್ತೆ ಎತ್ತಿಕೊಳ್ಳುತ್ತಿದ್ದಳು.

ಪೊಟ್ಟಣ ಮನೆಗೆ ಬಂದ ಕೂಡಲೆ ಹಿತ್ತಲ ಕಲ್ಲಿನ ಮೇಲೆ ಅದರ ಸಂಸ್ಕಾರ. ಮಾತ್ರೆಗಳನ್ನು ಬೆಳ್ಳಿ ಬಟ್ಟಲಿಗೆ ಸುರಿದು, ನೀರು ಹಾಕಿ, ಬೆರಳಲ್ಲಿ ಮೆಲ್ಲಗೆ ಆಡಿಸಿ, ಬಸಿದು, ಇನ್ನೊಂದು ನೀರು ಹಾಕಿ, ಮಡಿ ಪಂಚೆಯ ಮೇಲೆ ಹರಡಿ ಬಿಸಿಲಿಗಿಡುವುದು. ಒಣಗಿದ ಮೇಲೆ ಹಳೆಯ ನೀಲಿ ಶೀಶೆಗೆ ತುಂಬಿ ದೇವರ ಗೂಡಿಗೆ ಸೇರಿಸುವುದು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಅಮ್ಮ ನೋಡುತ್ತಿದ್ದಳು, ನಾನು ನೋಡುತ್ತಿದ್ದೆ. ಸೌದೆ ತೊಳೆಯುವ ಮನೆಯಲ್ಲಿ ಮಾತ್ರೆ ತೊಳೆದರೆ ಯಾರ ಹುಬ್ಬು ಮೇಲೇರುತ್ತದೆ? ಬಸಿದ ನೀರನ್ನು ಅತ್ತೆ ದಾಸವಾಳದ ಬುಡಕ್ಕೆ ಚೆಲ್ಲುತ್ತಿದ್ದಳು. ಆ ಗಿಡಕ್ಕೆ ಎಂದೂ ಮೂರ್ಛೆ ಬರಲಿಲ್ಲ.

ನನಗೆ ಬಂತು. ಮೊದಲು ಮನೆಯಲ್ಲಿ, ಒಮ್ಮೆ ಬೆಳಗಿನ ಜಾವ. ಡಾಕ್ಟರು ಮಾತ್ರೆ ತಪ್ಪಿಸುತ್ತಿಲ್ಲ ತಾನೆ ಎಂದು ಕೇಳಿದರು. ಅತ್ತೆ ಒಂದು ದಿನವೂ ತಪ್ಪಿಸಿಲ್ಲವೆಂದು ದೇವರಾಣೆ ಮಾಡಿದಳು, ಅದು ನಿಜವೂ ಆಗಿತ್ತು. ಆಮೇಲೆ ಒಂದು ದಿನ ಶಾಲೆಯಲ್ಲಿ, ಪ್ರಾರ್ಥನೆಗೆ ಎಲ್ಲ ಸಾಲಾಗಿ ನಿಂತಿದ್ದಾಗ ಬಿದ್ದೆ. ಕಣ್ಣು ಬಿಟ್ಟಾಗ ಸುತ್ತ ಹುಡುಗಿಯರ ಕಾಲುಗಳು. ಯಾರೋ ನನ್ನ ಮೂಗಿಗೆ ಚಪ್ಪಲಿ ಹಿಡಿದಿದ್ದರು. ಲಂಗ ಒದ್ದೆಯಾಗಿತ್ತು. ನನ್ನ ಗೆಳತಿಯೊಬ್ಬಳು ತನ್ನ ಜಮಖಾನದ ಚೀಲವನ್ನು ನನ್ನಿಂದ ದೂರಕ್ಕೆ ಎಳೆದುಕೊಂಡಳು. ಇಷ್ಟು ವಯಸ್ಸಾದ ಮೇಲೂ ಆ ಚೀಲ ಎಳೆದ ಸದ್ದು ನೆನಪಾದರೆ ನನಗೆ ಕುತ್ತಿಗೆ ಬಿಸಿಯಾಗುತ್ತದೆ. ಹೆಡ್ಮಿಸ್ಸು ಅಪ್ಪನನ್ನು ಕಾರ್ಖಾನೆಯಿಂದ ಕರೆಸಿ, ಇಂಥ ಮಗುವನ್ನು ಮನೆಯಲ್ಲೇ ಇಟ್ಟುಕೊಂಡರೆ ಒಳ್ಳೆಯದು ಎಂದರು.

ಅಪ್ಪ ಸೌಮ್ಯ ಸ್ವಭಾವದ ಮನುಷ್ಯ. ಆವತ್ತು ಮಾತ್ರ ಒದ್ದೆ ಲಂಗದಲ್ಲಿದ್ದ ನನ್ನನ್ನು ಕೈಹಿಡಿದು ನೇರ ಶಾಪಿಗೆ ಎಳೆದುಕೊಂಡು ಹೋದರು. ಬೆಂಚುಗಳು ತುಂಬಿದ್ದವು. ಕಿಂಡಿಗೆ ಕೈ ಬಡಿದು, ಒಳ್ಳೆಯ ಮಾತ್ರೆಯನ್ನು ಹೊರಗೆ ಮಾರಿಕೊಂಡು ಮಕ್ಕಳಿಗೆ ಸುಣ್ಣದ ಉಂಡೆ ಕೊಡುತ್ತೀಯಾ ಎಂದು ಮುನಿಸ್ವಾಮಿಯನ್ನು ಏಕವಚನದಲ್ಲಿ ಕೂಗಾಡಿದರು. ಅವರ ಜಾತಿಯನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ "ನಿಮ್ಮಂಥೋರನ್ನ ಇಂಥ ಜಾಗದಲ್ಲಿ ಇಟ್ಟರೆ ಇನ್ನೇನಾಗುತ್ತೆ" ಎಂದರು. ಬೆಂಚಿನಲ್ಲಿದ್ದವರಿಗೆಲ್ಲ ಅರ್ಥವಾಯಿತು. ಕಿಂಡಿಯ ಆಚೆ ಮೀಸೆ ಅಲುಗಲಿಲ್ಲ.

"ಸಾರ್, ಮಗು ಮುಂದೆ ಬ್ಯಾಡ," ಎಂದಷ್ಟೇ ಮುನಿಸ್ವಾಮಿ ಹೇಳಿದರು.

ಡಾಕ್ಟರು ಬಂದು ಅಪ್ಪನನ್ನು ಸಮಾಧಾನ ಮಾಡಿದರು. ಮುನಿಸ್ವಾಮಿ ಅಂಥವನಲ್ಲ ಎಂದು ಒಂದು ಮಾತು ಹೇಳಿದರು. ಆದರೂ ಬೆಂಚಿನ ಕಡೆ ನೋಡಿ, ನಾಳೆಯಿಂದ ಮಾತ್ರೆ ತಾವೇ ಎಣಿಸಿ ಕೊಡುವುದಾಗಿ ಗಟ್ಟಿಯಾಗಿ ಸೇರಿಸಿದರು. ಡಬ್ಬ ಅವರ ಮೇಜಿನ ಮೇಲಕ್ಕೆ ಹೋಯಿತು. ಮುನಿಸ್ವಾಮಿಗೆ ಹಿಂದಿನ ತೊಟ್ಟಿಯಲ್ಲಿ ಮಿಕ್ಸ್ಚರ್ ಶೀಶೆ ತೊಳೆಯುವ ಕೆಲಸ ಉಳಿಯಿತು.

ಈಗ ಆದದ್ದನ್ನು ಕೇಳಿ. ಡಾಕ್ಟರು ನಮ್ಮವರೇ, ಬೆಳಿಗ್ಗೆ ಸಂಧ್ಯಾವಂದನೆ ಮಾಡಿಯೇ ಶಾಪಿಗೆ ಬರುವವರು. ಅವರು ಎಣಿಸಿಕೊಟ್ಟ ಮಾತ್ರೆಯನ್ನು ತೊಳೆಯುವ ಅಗತ್ಯ ಅತ್ತೆಗೆ ಕಾಣಲಿಲ್ಲ. ಪೊಟ್ಟಣ ಬಿಚ್ಚಿ ಸೀದಾ ನೀಲಿ ಶೀಶೆಗೆ ಸುರಿದಳು. ಡಬ್ಬ ಅದೇ, ಮಾತ್ರೆ ಅದೇ, ನನ್ನ ಮೂರ್ಛೆ ನಿಂತುಹೋಯಿತು. ಇದಕ್ಕಿಂತ ಸಾಕ್ಷಿ ಬೇಕೆ? ಮುನಿಸ್ವಾಮಿ ಕಳ್ಳನೆಂದು ನಮ್ಮ ಮನೆಯಲ್ಲಿ, ನಮ್ಮ ಬೀದಿಯಲ್ಲಿ, ಶಾಪಿನ ಬೆಂಚುಗಳ ಮೇಲೆ ತೀರ್ಮಾನವಾಗಿಹೋಯಿತು. ಬೇಳೆ ಅಂಗಡಿಯವನು ಕೂಡ ಅವರಿಗೆ ಸಾಲ ಕೊಡಲು ಹಿಂದೆಮುಂದೆ ನೋಡುತ್ತಾನೆಂದು ಅಪ್ಪನೇ ಬಂದು ಹೇಳಿದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ಸಣ್ಣ ಸಮಾಧಾನವಿತ್ತು.

ಒಂದು ಬೆಳಿಗ್ಗೆ ಅತ್ತೆ ದೇವರ ಗೂಡು ಸಾರಿಸುತ್ತಿದ್ದಾಗ ಮೂಲೆಯಲ್ಲಿ ಒಂದು ಸಣ್ಣ ಡಬ್ಬಿ ಸಿಕ್ಕಿತು. ಅದರಲ್ಲಿ ಹಿಂದಿನ, ತೊಳೆದ ಮಾತ್ರೆಗಳು ಒಂದಷ್ಟು ಉಳಿದಿದ್ದವು. ಅಪ್ಪ ಎಸೆಯಲು ಹೇಳಿದ್ದರು, ಯಾವುದನ್ನೂ ಎಸೆಯುವ ಅಭ್ಯಾಸ ಅವಳಿಗಿರಲಿಲ್ಲ. ನಾನು ಮಾತ್ರೆಗಾಗಿ ಮಣೆಯ ಮೇಲೆ ಕಾದು ಕೂತಿದ್ದೆ. ಅವಳು ಹಳೆಯದೊಂದನ್ನೂ ಹೊಸದೊಂದನ್ನೂ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಪುಟ್ಟಿ, ಇದೆರಡರಲ್ಲಿ ಯಾವುದೇ ದೊಡ್ಡದು?"

ನಾನು ಹೊಸದನ್ನು ಮುಟ್ಟಿ ತೋರಿಸಿದೆ. ಹಳೆಯದು ತೆಳ್ಳಗಾಗಿ, ಅಂಚು ಸವೆದು, ಚೀಪಿ ಉಗಿದ ಪೆಪ್ಪರಮಿಂಟಿನ ಹಾಗಿತ್ತು. ಅತ್ತೆ ಎದ್ದು ಬೆಳ್ಳಿ ಬಟ್ಟಲು ತಂದಳು. ಹೊಸ ಮಾತ್ರೆಯನ್ನು ಅದಕ್ಕೆ ಹಾಕಿ, ನೀರು ಬಿಟ್ಟು, ಎಂದಿನ ಹಾಗೆಯೇ ಬೆರಳಲ್ಲಿ ಆಡಿಸಿದಳು. ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು. ಇಷ್ಟು ದಿನ ಆ ಬಿಳುಪನ್ನು ಅವಳು ಕೊಳೆ ಹೋಗುತ್ತಿರುವ ಗುರುತು ಅಂತ ತಿಳಿದಿದ್ದಳಂತೆ. ಬಟ್ಟಲನ್ನು ಹಿಡಿದುಕೊಂಡು ಹಾಗೆಯೇ ಗೋಡೆಗೊರಗಿ ಕುಳಿತಳು. ನನಗೆ ಮಾತ್ರೆ ಕೊಡುವುದನ್ನು ಮರೆತಳು. ಅಮ್ಮ ಬಂದು ಕೊಟ್ಟಳು.

ಇದರ ಅರ್ಥ ತಿಳಿದದ್ದು ಅವಳೊಬ್ಬಳಿಗೇ. ಸುಮ್ಮನಿದ್ದಿದ್ದರೆ ಬೊಮ್ಮನಿಗೂ ತಿಳಿಯುತ್ತಿರಲಿಲ್ಲ. ಕೆಲವು ದಿನ ಸುಮ್ಮನೆಯೇ ಇದ್ದಳು. ಊಟಕ್ಕೆ ಕೂತರೆ ಅನ್ನ ಕಲಸಿ ಹಾಗೇ ಎದ್ದುಬಿಡುತ್ತಿದ್ದಳು. ಒಂದು ದಿನ ಅಪ್ಪ ಕೆಲಸದಿಂದ ಬಂದು ಕಾಫಿ ಕುಡಿಯುತ್ತಿದ್ದಾಗ ಎದುರು ನಿಂತು ಎಲ್ಲ ಹೇಳಿದಳು. ಅಪ್ಪನ ಮುಖ ಇಳಿದುಹೋಯಿತು. ಲೋಟ ಕೆಳಗಿಟ್ಟು, ಅಕ್ಕ ಇದನ್ನು ಇಲ್ಲಿಗೇ ಬಿಟ್ಟುಬಿಡು ಎಂದರು. ಹೋಗಿ ಹೇಳುವುದಾದರೂ ಏನನ್ನು? ನೀನು ಕಳ್ಳನಲ್ಲ, ನೀನು ಮುಟ್ಟಿದ್ದೆಂದು ನಾವೇ ತೊಳೆದು ಹಾಳುಮಾಡಿದೆವು ಅನ್ನುವುದೇ? ಕಳ್ಳ ಅಂದದ್ದಕ್ಕಿಂತ ಇದು ಅವನಿಗೆ ಹೆಚ್ಚು ನೋವಲ್ಲವೇ? ಅಪ್ಪನ ವಾದ ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು. ನಮಗೆ ಅನುಕೂಲವಾಗಿಯೂ ಇತ್ತು.

ಅಕ್ಕ ತಮ್ಮನ ಮಾತಿನ ನಡುವೆ ಎಂದೂ ಬಾಯಿ ಹಾಕದ ಅಮ್ಮ ಅಡಿಗೆಮನೆಯ ಬಾಗಿಲಿಂದ, "ಆದ್ರೂ ಹೇಳ್ಬೇಕು," ಎಂದಳು. ಹೊಗೆಯಿಂದಲೋ ಏನೋ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಮರುದಿನ ಅತ್ತೆ ನನ್ನ ಕೈಹಿಡಿದು ಶಾಪಿಗೆ ಹೊರಟಳು. ಖಾಲಿ ಸೈಟುಗಳ ಕಲ್ಲುಗೂಟಗಳನ್ನು ದಾಟುವಾಗ ಸೀರೆ ಸೋಕದಂತೆ ಎತ್ತಿ ಹಿಡಿದುಕೊಳ್ಳುವುದನ್ನೂ ಮರೆತಿದ್ದಳು. ಶಾಪಿನಲ್ಲಿ ಅಪ್ಪ ಕೂಗಾಡಿದ ದಿನದಷ್ಟೇ ಜನ. ನಮ್ಮ ಬೀದಿಯ ಇಬ್ಬರು ಹೆಂಗಸರೂ ಇದ್ದರು, ನಾನು ಶಾಲೆಯಲ್ಲಿ ಬಿದ್ದದ್ದೂ ಪಿತ್ತದಿಂದಲೇ ಅಂತ ನಂಬಿಕೊಂಡಿದ್ದವರು. ಅತ್ತೆ ಒಳಕೋಣೆಗೆ ಹೋಗಿ ಡಾಕ್ಟರಿಗೆ ಮೆಲ್ಲಗೆ ಹೇಳಬಹುದಿತ್ತು. ಹೋಗಲಿಲ್ಲ. ಅವರನ್ನು ಹೊರಗೆ ಕರೆಸಿ, ಬೆಂಚುಗಳ ನಡುವೆ ನಿಂತೇ ಹೇಳಿದಳು.

"ಡಾಕ್ಟ್ರೇ, ನಮ್ಮ ಹುಡುಗಿಗೆ ಮೂರ್ಛೆ ರೋಗ. ಮಾತ್ರೆ ಸರಿಯಾಗೇ ಇತ್ತು. ನಿಮ್ಮ ಕಾಂಪೌಂಡರು ಮುಟ್ಟಿದ್ದು ಅಂತ ತಂದಾಗಲೆಲ್ಲ ನಾನೇ ನೀರಲ್ಲಿ ತೊಳ್ದೆ. ಔಷಧಿ ಎಲ್ಲ ನೀರಿಗೆ ಹೋಯ್ತು. ಅವರದ್ದೇನೂ ತಪ್ಪಿಲ್ಲ."

ಅವಳು ಮುನಿಸ್ವಾಮಿಯನ್ನು ಬಹುವಚನದಲ್ಲಿ ಕರೆದದ್ದು ನಾನು ಕೇಳಿದ್ದು ಅದೇ ಮೊದಲು. ನಮ್ಮ ಬೀದಿಯ ಹೆಂಗಸರು ನನ್ನನ್ನು ನೋಡಿದರು. ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಾ ನಿಂತರು. ಹಿಂದಿನ ಬಾಗಿಲಿನಿಂದ ಮುನಿಸ್ವಾಮಿ ಬಂದರು. ತೋಳು ಮಡಿಚಿದ್ದರು, ಮೊಣಕೈವರೆಗೆ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು. ಮಾತು ಅವರಿಗೆ ಕೇಳಿಸಿತ್ತು.

"ನಾನು ಮುಟ್ಟಿರ್ಲಿಲ್ಲ ಅಮ್ಮೋರೆ," ಎಂದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಇನ್ನೇನೂ ಇರಲಿಲ್ಲ. "ಚಮಚದಲ್ಲಿ ಎಣಿಸ್ತಿದ್ದೆ. ಬೇರೆಯೋರಿಗೆ ಕೈಯಲ್ಲೇ ಎಣಿಸ್ತಿದ್ದೆ. ನಿಮ್ಮಂಥೋರ ಮನೆಗೆ ಹೋಗೋದಕ್ಕೆ ಚಮಚ ಇಟ್ಟಿದ್ದೆ."

ಕಿಂಡಿಯ ಆಚೆಗೆ ಕೈ ಚಾಚಿ ಅದನ್ನು ತಂದು ತೋರಿಸಿದರು. ಉದ್ದ ಹಿಡಿಯ ಸಣ್ಣ ಚಪ್ಪಟೆ ಚಮಚ. ಟಿಕ್ ಟಿಕ್ ಎನ್ನುತ್ತಿದ್ದುದು ಅದು.

ಅತ್ತೆ ಏನಾದರೂ ಹೇಳುತ್ತಾಳೆಂದು ನಾನು ತಲೆಯೆತ್ತಿ ನೋಡಿದೆ. ಅವಳು ಚಮಚವನ್ನೇ ನೋಡುತ್ತಿದ್ದಳು. ತಪ್ಪು ಒಪ್ಪಿಕೊಂಡು ಹಗುರಾಗಲು ಬಂದವಳ ತಲೆಯ ಮೇಲೆ ಆ ಚಮಚ ಕೂತುಬಿಟ್ಟಿತು. ಅವಳ ಮಡಿ ಅವಳು ತೊಳೆಯುವ ಮೊದಲೇ, ಅವಳು ಕೇಳದೆಯೇ, ಒಬ್ಬ ಮನುಷ್ಯ ಕಾಪಾಡಿಕೊಂಡು ಬಂದಿದ್ದ. ಅದಕ್ಕಾಗಿ ತನ್ನ ಕೈಯನ್ನು ತಾನೇ ಹಿಂದಕ್ಕೆ ಎಳೆದುಕೊಂಡಿದ್ದ. ನನಗೆ ಆಗ ಇಷ್ಟೆಲ್ಲ ತಿಳಿಯಲಿಲ್ಲ. ಆದರೆ ಹಿಡಿದುಕೊಂಡಿದ್ದ ಅತ್ತೆಯ ಕೈ ಬೆವರಿ ಜಾರುತ್ತಿತ್ತು, ಆ ಕೈಯಿಂದ ನಾಚಿಕೆ ನನಗೂ ಹತ್ತಿತು. ಶಾಲೆಯಲ್ಲಿ ಒದ್ದೆ ಲಂಗದಲ್ಲಿ ಎದ್ದು ಕೂತಾಗ ಆದ ನಾಚಿಕೆ ಇದರ ಮುಂದೆ ಏನೂ ಅಲ್ಲ.

ಡಬ್ಬ ಮತ್ತೆ ಕಿಂಡಿಯ ಆಚೆಗೆ ಹೋಯಿತು. ಡಾಕ್ಟರು ಅದನ್ನು ಮುನಿಸ್ವಾಮಿಯ ಮುಖ ನೋಡದೆ ಕೊಟ್ಟರು. ಅಪ್ಪ ಆಮೇಲೊಮ್ಮೆ ಹೋಗಿ ಕ್ಷಮೆ ಕೇಳಿ ಬಂದರಂತೆ. ಏನು ಹೇಳಿದರು, ಏನು ಕೇಳಿಸಿಕೊಂಡರು ಅಂತ ಮನೆಯಲ್ಲಿ ಹೇಳಲಿಲ್ಲ. ಅಲ್ಲಿಂದ ಮುಂದೆ ಅಪ್ಪ ಆ ರಸ್ತೆ ಬಿಟ್ಟು ಸುತ್ತುಬಳಸಿ ಕಾರ್ಖಾನೆಗೆ ಹೋಗುತ್ತಿದ್ದರು. ಔಷಧಿಗೆ ಹೋಗುವ ಕೆಲಸ ಅತ್ತೆಗೇ ಬಿತ್ತು.

ಮುಂದಿನ ಸಲ ನಾವು ಹೋದಾಗ ಕಿಂಡಿಯಲ್ಲಿ ಪೊಟ್ಟಣ ಬರಲಿಲ್ಲ. ಇಡೀ ಡಬ್ಬವೇ ಬಂದು ಹಲಗೆಯ ಮೇಲೆ ಕೂತಿತು. ಪಕ್ಕದಲ್ಲಿ ಒಂದು ಕಾಗದದ ಚೂರು, ಚಮಚ. "ನೀವೇ ಎಣಿಸ್ಕೊಳ್ಳಿ ಅಮ್ಮೋರೆ," ಎಂದರು ಮುನಿಸ್ವಾಮಿ. ಬೇರೆ ಯಾರಿಗೂ ಹೀಗಿಲ್ಲ, ನಮಗೆ ಮಾತ್ರ. ಬೆಂಚಿನ ಮೇಲಿದ್ದವರೆಲ್ಲ ನೋಡುತ್ತಿದ್ದರು. ಮಾತ್ರೆಗಳು ಚಮಚದಿಂದ ಜಾರಿ ಹಲಗೆಯ ಮೇಲೆ ಉರುಳುತ್ತಿದ್ದವು, ಅತ್ತೆ ಅವನ್ನು ಆರಿಸಿ ಮತ್ತೆ ಎಣಿಸುತ್ತಿದ್ದಳು. ನನ್ನನ್ನು ಕ್ಯಾಪ್ಟನ್ನಮ್ಮ ಅಂತ ಕರೆಯುವುದನ್ನೂ ಅವರು ನಿಲ್ಲಿಸಿದ್ದರು. ಪಕ್ಕದ ಮಗುವಿಗೆ ಸುಬೇದಾರ್ ಅಂದರೆ ನಾನು ಅತ್ತೆಯ ಸೆರಗಿನ ಹಿಂದೆ ಸರಿಯುತ್ತಿದ್ದೆ.

ಇದು ಪ್ರತಿ ಸಲದ ಪದ್ಧತಿಯಾಯಿತು. ಒಮ್ಮೆ ಅತ್ತೆ ತಡೆಯಲಾರದೆ ಕೇಳಿಯೇ ಬಿಟ್ಟಳು.

"ನೀವೇ ಕೊಡೀಪ್ಪಾ. ನಿಮ್ಮ ಕೈಯಲ್ಲೇ ಕೊಡಿ."

"ಬ್ಯಾಡಿ ಅಮ್ಮೋರೆ. ಆಮೇಲೆ ನಿಮಗೆ ತೊಳೆಯೋ ಕೆಲಸ."

ಅತ್ತೆ ಇದರಿಂದ ಬದಲಾಗಿಬಿಟ್ಟಳು ಅಂತ ಹೇಳಿದರೆ ಸುಳ್ಳಾದೀತು. ಸೌದೆಗೆ ನೀರು ಬೀಳುವುದು ನಿಲ್ಲಲಿಲ್ಲ. ಕಾಸು ತೊಳೆದಳು, ಬೆಲ್ಲ ತೊಳೆದಳು. ಅದು ಬಿಟ್ಟರೆ ಆ ಮನೆಯಲ್ಲಿ ತಾನು ಯಾರು ಅಂತ ಅವಳಿಗೇ ತಿಳಿಯುತ್ತಿರಲಿಲ್ಲವೇನೋ. ಆದರೆ ಯಾರಾದರೂ ತಮಾಷೆ ಮಾಡಿದಾಗ ಮುಂಚಿನ ಹಾಗೆ ಎದುರು ಮಾತಾಡುತ್ತಿರಲಿಲ್ಲ. ಸೌದೆ ತೊಳೆಯುವಾಗ ಬೇಲಿಯಾಚೆ ಯಾರಾದರೂ ನಡೆದುಹೋದರೆ, ಕೊಡವನ್ನು ಕೆಳಗಿಟ್ಟು ಬೇರೇನೋ ಮಾಡುತ್ತಿರುವವಳ ಹಾಗೆ ನಿಲ್ಲುತ್ತಿದ್ದಳು. ಅದನ್ನು ನೋಡುವುದು ನನಗೆ ಅವಳ ಮಡಿಗಿಂತ ಕಷ್ಟವಾಗುತ್ತಿತ್ತು.

ನನ್ನ ಮೂರ್ಛೆ ಪೂರಾ ವಾಸಿಯಾಗಿ, ಮಾತ್ರೆ ನಿಲ್ಲಿಸಬಹುದು ಎಂದು ಡಾಕ್ಟರು ಹೇಳುವ ಹೊತ್ತಿಗೆ ನಾನು ಸೀರೆ ಉಡುವಷ್ಟು ಬೆಳೆದಿದ್ದೆ. ಕೊನೆಯ ಪೊಟ್ಟಣಕ್ಕೆ ಇಬ್ಬರೂ ಹೋದೆವು. ಎಂದಿನಂತೆ ಡಬ್ಬ ಬಂತು. ಅತ್ತೆ ಅದನ್ನು ಮುಟ್ಟಲಿಲ್ಲ. ಕಿಂಡಿಯೊಳಗೆ ಬಲಗೈ ಚಾಚಿ, ತೀರ್ಥಕ್ಕೆ ಹಿಡಿಯುವ ಹಾಗೆ ಅಂಗೈ ಗುಳಿ ಮಾಡಿ ಹಿಡಿದಳು. ಮೀಸೆ ಅಷ್ಟುಹೊತ್ತಿಗೆ ನರೆತಿತ್ತು. ಮುನಿಸ್ವಾಮಿ ಆ ಅಂಗೈಯನ್ನು ನೋಡಿದರು, ಅವಳ ಮುಖ ನೋಡಿದರು. ಆಮೇಲೆ ಚಮಚವನ್ನು ತೆಗೆದು, ತಮ್ಮ ಬೆರಳು ತಗಲದಂತೆ ಹಿಡಿಯ ತುದಿಯಲ್ಲಿ ಹಿಡಿದು, ಅವಳ ಅಂಗೈಯಲ್ಲಿ ಮೆಲ್ಲಗೆ ಇಟ್ಟರು. ಅತ್ತೆ ಮಾತ್ರೆ ಎಣಿಸಿಕೊಂಡಳು. ಆ ವರ್ಷವೇ ಅವರು ಕೆಲಸ ಬಿಟ್ಟು ಬೇರೆ ಊರಿಗೆ ಹೋದರೆಂದು ಕೇಳಿದೆವು.

ಅತ್ತೆ ಆವತ್ತು ಬೆಂಚುಗಳ ನಡುವೆ ಹೇಳಿದ ಮಾತಿನಿಂದ ನನಗೆ ಬಂದ ಎಷ್ಟೋ ಗಂಡುಗಳು ಬೀದಿ ತುದಿಯಿಂದಲೇ ವಾಪಸು ಹೋದವು. ಅದಕ್ಕೂ ಅವಳೇ ನೊಂದಳು, ಆದರೆ ಹೇಳಬಾರದಿತ್ತು ಅಂತ ಒಮ್ಮೆಯೂ ಅನ್ನಲಿಲ್ಲ. ಎಲ್ಲ ತಿಳಿದೇ ಒಪ್ಪಿದ ಒಬ್ಬರು ಕೊನೆಗೆ ಸಿಕ್ಕರು. ಮದುವೆಯ ದಿನ ಅತ್ತೆ ಮೂಲೆಯಲ್ಲಿ ಕೂತು ಅತ್ತಳು.

ಅವಳನ್ನು ಕೊನೆಯದಾಗಿ ನೋಡಿದ್ದು ಅದೇ ಮನೆಯಲ್ಲಿ. ಹಾಸಿಗೆ ಹಿಡಿದಿದ್ದಳು. ಒಲೆ ಹೋಗಿ ಗ್ಯಾಸು ಬಂದಿತ್ತು, ತೊಳೆಯಲು ಸೌದೆ ಇರಲಿಲ್ಲ. ಮಧ್ಯಾಹ್ನದ ಮಾತ್ರೆಯ ಹೊತ್ತಾಗಿತ್ತು. ಮಿರುಗುವ ತಗಡಿನ ಹಾಳೆಯಿಂದ ಒಂದನ್ನು ಬಿಡಿಸಿ ನಾನು ಕೊಡಲು ಹೋದರೆ, ಅವಳು ಆವತ್ತಿನ ಹಾಗೆಯೇ ಅಂಗೈ ಗುಳಿ ಮಾಡಿ ಚಾಚಿದಳು. ಇಟ್ಟೆ. ಅವಳು ನುಂಗಲಿಲ್ಲ, ಅದನ್ನೇ ನೋಡುತ್ತಿದ್ದಳು.

"ಅವರು ಕೊನೇವರೆಗೂ ಕೈಯಾರೆ ಕೊಡ್ಲಿಲ್ಲ ಕಣೇ, ಪುಟ್ಟಿ," ಎಂದಳು.

ನಾನು ಲೋಟದಲ್ಲಿ ನೀರು ತಂದು ಪಕ್ಕದಲ್ಲಿ ಹಿಡಿದುಕೊಂಡು ನಿಂತೆ.